ಆಫ್ ಮಾಡಿದ್ರೂ ಆಫ್ ಆಗದ ಸಿಪಿಯು, ಸಂಪಿಗೆ ರೋಡ್ ಮೇಲ್ಮಹಡಿ ಅಂಗಡಿ

ನಂದು ಹಾಸನದಲ್ಲಿ ಸಣ್ಣ ಡಿಟಿಪಿ ಜೆರಾಕ್ಸ್ ಅಂಗಡಿ, ಕ್ರಯಪತ್ರ, ಕರಾರು, ಅಫಿಡವಿಟ್ ಟೈಪಿಂಗೇ ಜಾಸ್ತಿ. ಸಿಸ್ಟಮ್ 2017ರಲ್ಲಿ ಜೋಡಿಸಿದ್ದು, ಆರನೇ ಜನರೇಷನ್ ಐ3, ವಿಂಡೋಸ್ 10. ಹೋದ ಮಳೆಗಾಲದಿಂದ ಒಂದು ಕಾಟ ಶುರುವಾಯ್ತು, ಶಟ್‌ಡೌನ್ ಕೊಟ್ರೆ ಮಾನಿಟರ್ ಕಪ್ಪಾಗುತ್ತೆ, ಹಾರ್ಡ್‌ಡಿಸ್ಕ್ ಸದ್ದೂ ನಿಲ್ಲುತ್ತೆ, ಆದ್ರೆ ಫ್ಯಾನ್ ಮಾತ್ರ ಗುಯ್ ಅಂತ ತಿರುಗ್ತಾನೇ ಇರುತ್ತೆ, ಮುಂದಿನ ನೀಲಿ ಲೈಟೂ ಹಂಗೇ. ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದ್ರೆ ಆಗ ಸುಮ್ಮನಾಗುತ್ತೆ. ಒಂದಿನ ಮರೆತು ಶಟರ್ ಎಳ್ಕೊಂಡು ಹೋಗ್ಬಿಟ್ಟೆ, ರಾತ್ರಿ ಕರೆಂಟ್ ಹೋಗಿ ಯುಪಿಎಸ್ಸು ಬ್ಯಾಟರಿ ಖಾಲಿ ಆಗೋ ತನಕ ಕೂಗಿದೆ, ಬೆಳಿಗ್ಗೆ ನಾನು ಬೀಗ ತೆಗೆಯೋಕೂ ಮುಂಚೆ ಬಿಲ್ಡಿಂಗ್ ಓನರ್ ಅಂಕಲ್ ಬಂದು ನಿಂತಿದ್ರು, "ಏನಪ್ಪಾ, ಅಂಗಡೀಲಿ ಮಗು ಬಿಟ್ಟು ಹೋಗಿದ್ದೆಯಾ?"

ಮೊದಲು ಹೋಗಿದ್ದು ಗಾಜಿನ ಬಾಗಿಲು, ಎಸಿ ಇರೋ ದೊಡ್ಡ ಅಂಗಡಿಗೆ, ಹೆಸರು ಬೇಡ ಬಿಡಿ. ವೈರ್ ಕೂಡ ಚುಚ್ಚಲಿಲ್ಲ, "ಬೋರ್ಡ್ ಹೋಗಿದೆ ಸಾರ್, 6,500 ಆಗುತ್ತೆ, ಅದಕ್ಕಿಂತ ಹೊಸ ಸೆಟ್ಟೇ ತಗೊಂಡ್ಬಿಡಿ, 2025ರ ಅಕ್ಟೋಬರ್‌ಗೆ ವಿಂಡೋಸ್ 10 ಸಪೋರ್ಟ್ ನಿಂತೋಯ್ತು, ಈ ಪ್ರೊಸೆಸರ್‌ಗೆ 11 ಹಾಕಕ್ಕಾಗಲ್ಲ" ಅಂದ್ರು. ಸಪೋರ್ಟ್ ವಿಷಯ ಸುಳ್ಳಲ್ಲ, ಆದ್ರೆ ನಾನು ಕೇಳಿದ್ದು ಆಫ್ ಯಾಕೆ ಆಗ್ತಿಲ್ಲ ಅಂತ. ಫಾರ್ಮ್ಯಾಟ್ ಆದ್ರೂ ಮಾಡಿ ನೋಡೋಣ ಅಂದಾಗ ಎತ್ಕೊಂಡು ವಾಪಸ್ ಬಂದೆ, ಎಂಟು ವರ್ಷದ ನುಡಿ ಫೈಲುಗಳು ಕಣ್ರೀ ಅದರಲ್ಲಿ.

ಆಮೇಲೆ ಯಾರೋ ವಕೀಲರ ಗುಮಾಸ್ತರು ಹೇಳಿದ್ದು ಸಂಪಿಗೆ ರೋಡಲ್ಲಿ ಒಂದು ಮೇಲ್ಮಹಡಿ ಇದೆ ಹೋಗು ಅಂತ. ಕೆಳಗೆ ಟೈಲರ್ ಅಂಗಡಿ, ಪಕ್ಕದಲ್ಲೇ ಕಡಿದಾದ ಮೆಟ್ಟಿಲು, ಸಿಪಿಯು ಎತ್ಕೊಂಡು ಹತ್ತೋಷ್ಟ್ರಲ್ಲಿ ಉಸಿರು ಹೋಯ್ತು. ಒಬ್ಬನೇ ಹುಡುಗ. ಅವನು ಕೇಳಿದ ಮೊದಲ ಪ್ರಶ್ನೆ "ಅಣ್ಣಾ, ರೀಸ್ಟಾರ್ಟ್ ಕೊಟ್ರೆ ಸರಿಯಾಗಿ ಆಗುತ್ತಾ?" ನಾನು ಯಾವತ್ತೂ ಗಮನಿಸಿರಲಿಲ್ಲ. ಕೊಟ್ಟು ನೋಡಿದ, ಸರಿಯಾಗೇ ಆಯ್ತು, ಹ್ಞೂಂ ಅಂದ ಅಷ್ಟೇ.

ಆಮೇಲೆ ಪಕ್ಕದ ಡೋರ್ ಬಿಚ್ಚಿದ, ಒಳಗೆ ಧೂಳು, ಎರಡು ಹಲ್ಲಿ ಮೊಟ್ಟೆ (ನನಗೆ ನಾಚಿಕೆ ಆಯ್ತು, ಅವನಿಗೆ ಇದೆಲ್ಲ ಮಾಮೂಲಿ). ಪವರ್ ಬಟನ್ನಿಂದ ಬರೋ ಸಣ್ಣ ವೈರನ್ನ ಬೋರ್ಡಿಂದ ಕಿತ್ತು, ಆ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿ ಆನ್ ಮಾಡಿದ, ಶಟ್‌ಡೌನ್ ಕೊಟ್ಟ, ಫ್ಯಾನ್ ತಿರುಗ್ತಾನೇ ಇದೆ. "ಬಟನ್ ಸಿಕ್ಕಾಕೊಂಡಿಲ್ಲ." ಆಮೇಲೆ ಒಂದು ಲಿನಕ್ಸ್ ಪೆನ್‌ಡ್ರೈವ್ ಹಾಕಿ ಅದ್ರಿಂದ ಬೂಟ್ ಮಾಡಿ ಅಲ್ಲಿಂದ ಶಟ್‌ಡೌನ್ ಕೊಟ್ಟ, ಟಕ್ ಅಂತ ಎಲ್ಲಾ ನಿಂತೋಯ್ತು, ಕೆಳಗಿನ ಟೈಲರ್ ಮಿಷನ್ ಸದ್ದು ಕೇಳಿಸ್ತು. "ಬೋರ್ಡ್ ಚೆನ್ನಾಗೇ ಇದೆ ಅಣ್ಣಾ, ಆಫ್ ಆಗು ಅಂತ ಹೇಳೋನೇ ಸರಿಯಾಗಿ ಹೇಳ್ತಿಲ್ಲ."

ವಿಷಯ ಏನಂದ್ರೆ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಇದೆಯಂತೆ, ನಾವು ಶಟ್‌ಡೌನ್ ಅಂದ್ರೂ ಅದು ಪೂರ್ತಿ ಮುಚ್ಚಲ್ಲ, ಒಳಗಿನ ಮುಖ್ಯ ಭಾಗನ ಹಾರ್ಡ್‌ಡಿಸ್ಕಿಗೆ ಬರ್ಕೊಂಡು ಮಲಗುತ್ತೆ, ಮಾರನೇ ದಿನ ಬೇಗ ಏಳೋಕೆ. ರೀಸ್ಟಾರ್ಟಲ್ಲಿ ಹಂಗೆ ಮಾಡಲ್ಲ, ಅದಕ್ಕೇ ಆ ಮೊದಲ ಪ್ರಶ್ನೆ. ಶಿಫ್ಟ್ ಒತ್ಕೊಂಡು ಶಟ್‌ಡೌನ್ ಕೊಟ್ರೆ ಪೂರ್ತಿ ಮುಚ್ಚುತ್ತೆ ಅಂತ ತೋರಿಸಿದ, ಎರಡು ಸಲ ಆಫ್ ಆಯ್ತು, ಮೂರನೇ ಸಲ ಮತ್ತೆ ಗುಯ್. ನಾನು ಸುಮ್ನೆ ಅದನ್ನ ಆಫ್ ಮಾಡಿ ದುಡ್ಡು ಇಸ್ಕೊಂಡು ಕಳಿಸ್ತಾನೆ ಅನ್ಕೊಂಡಿದ್ದೆ, ಇಲ್ಲ, ಅದನ್ನ ಆಫ್ ಮಾಡಿದ್ದಲ್ದೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಡ್ರೈವರ್ (ಬೋರ್ಡಿನ ಚಿಪ್ಪನ್ನ ವಿಂಡೋಸ್ ಜೊತೆ ಮಾತಾಡಿಸೋ ಸಾಫ್ಟ್‌ವೇರ್) ತೆಗೆದು ನೋಡ್ದ, ಅಪ್‌ಡೇಟಲ್ಲಿ ತಾನೇ ಬಂದು ಕೂತಿದ್ದ ಡ್ರೈವರ್ ಅದು. ಬೋರ್ಡ್ ಕಂಪನಿ ಸೈಟಿಂದ ಹಳೇದನ್ನ ಇಳಿಸಿ ಹಾಕ್ದ. ಆಮೇಲೆ ಹತ್ತು ಸಲ ಆನ್ ಆಫ್ ಮಾಡಿಸಿದೆ, ಎಣಿಸಿದ್ದೀನಿ, ಹತ್ತೂ ಸಲ ಸೈಲೆಂಟ್.

ಆದ್ರೂ ಮೌಸ್ ಕೆಳಗೆ ಕೆಂಪು ಲೈಟ್ ಉರೀತಿತ್ತು, ಇನ್ನೂ ಆಫ್ ಆಗಿಲ್ಲವಲ್ಲೋ ಅಂದೆ. ನಕ್ಕ. ಗೋಡೆ ಸ್ವಿಚ್ ಆನ್ ಇರೋ ತನಕ ಸಿಪಿಯು ಒಳಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ 5 ವೋಲ್ಟ್ ಕೊಡ್ತಾನೇ ಇರುತ್ತೆ, ಇಲ್ದಿದ್ರೆ ನೀವು ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗೋದು ಹೆಂಗೆ ಅಂದ. ಬಯಾಸಲ್ಲಿ ಇಆರ್‌ಪಿ ಅಂತ, ಆಫ್ ಆದ್ಮೇಲೆ ಎಳೆಯೋ ಕರೆಂಟ್ ಕಮ್ಮಿ ಮಾಡೋ ಸೆಟ್ಟಿಂಗ್ ಇದೆಯಂತೆ, ಅದನ್ನ ಎನೇಬಲ್ ಮಾಡಿದ, ಅದೂ ಆರ್ತು.

ತಗೊಂಡಿದ್ದು 400 ರೂಪಾಯಿ, ಧೂಳು ಹೊಡೆದಿದ್ದೂ ಸೇರಿ. ಬಿಲ್ ಕೇಳಿದ್ರೆ ಹಳೇ ಡೆಲಿವರಿ ಬಾಕ್ಸ್ ಹರಿದು ಅದ್ರ ಹಿಂದೆ ಬರ್ದು ಕೊಟ್ಟ. ಬೇಜಾರೂ ಇದೆ, ಸಂಜೆ ಕೊಡ್ತೀನಿ ಅಂದೋನು ಎರಡು ದಿನ ಮಾಡ್ದ, ಫೋನ್ ಎತ್ತಲ್ಲ, ಕೇಳಿದ್ರೆ ಸಕಲೇಶಪುರದ ಕಡೆ ಎಸ್ಟೇಟಿಗೆ ಸಿಸಿಟಿವಿ ಹಾಕೋಕೆ ಹೋಗಿದ್ನಂತೆ. ಗಾಡಿ ನಿಲ್ಸೋಕೆ ಜಾಗ ಇಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಆಗಿರೋದ್ರಿಂದ ಈಗ ಬೆಳಿಗ್ಗೆ ಆನ್ ಆಗೋದು ನಿಧಾನ, ಹಳೇ ಹಾರ್ಡ್‌ಡಿಸ್ಕ್ ಬೇರೆ, ಎದುರಿಗಿನ ಕ್ಯಾಂಟೀನಿಂದ ಕಾಫಿ ತರೋಷ್ಟ್ರಲ್ಲಿ ಡೆಸ್ಕ್‌ಟಾಪ್ ಬಂದಿರುತ್ತೆ, ಎಸ್‌ಎಸ್‌ಡಿ ಹಾಕ್ಸಿ ಅಂದಿದ್ದಾನೆ, ನೋಡೋಣ.

ಐದಕ್ಕೆ ನಾಲ್ಕು ಸ್ಟಾರ್. ಹೋಗೋದಾದ್ರೆ ಸಿಪಿಯು ಮಾತ್ರ ತಗೊಂಡೋಗಿ, ಪವರ್ ಕೇಬಲ್ ಬೇಡ, ನಂದು ಅಲ್ಲೇ ಉಳ್ಕೊಂಡಿದೆ.