ಹೋಂಡಾ ಯುಎಂಕೆ435ಟಿ ಬ್ರಷ್ ಕಟರ್: ಕ್ಯಾಂಪಸ್ಸಿನ ಹುಲ್ಲಿಗೆ ಸರಿಯಾದ ಯಂತ್ರ, ಎಣ್ಣೆ ನೋಡುವವರಿದ್ದರೆ

ಮುಂಗಾರು ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಹಾಸ್ಟೆಲ್ ಹಿಂದಿನ ಖಾಲಿ ಜಾಗ, ಲೈಬ್ರರಿ ರಸ್ತೆಯ ಎರಡೂ ಬದಿ, ಟ್ರಾನ್ಸ್‌ಫಾರ್ಮರ್ ಬೇಲಿಯ ಸುತ್ತ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. ನೂರಾರು ಎಕರೆಯ ವಿಶ್ವವಿದ್ಯಾಲಯದಲ್ಲಿ ಕುಡುಗೋಲು ಹಿಡಿದು ಇದನ್ನು ಮುಗಿಸಲಾಗದು. ಹೆಗಲಿಗೆ ಹಾಕಿಕೊಂಡು ಹುಲ್ಲು ಹೊಡೆಯುವ ಬ್ರಷ್ ಕಟರ್ ಬೇಕೇ ಬೇಕು. ಎಸ್ಟೇಟ್ ವಿಭಾಗಗಳ ಪಟ್ಟಿಗೆ ಬರುವ ಯಂತ್ರಗಳಲ್ಲಿ ಹೋಂಡಾದ ಯುಎಂಕೆ435ಟಿ ಒಂದು. ಒಂದೇ ಯಂತ್ರ ಹಲವರ ಕೈಗೆ ಹೋಗುವ ಜಾಗಕ್ಕೆ ಇದನ್ನು ಧೈರ್ಯವಾಗಿ ಕೊಳ್ಳಬಹುದು.

ಹೀಗೆನ್ನಲು ಮುಖ್ಯ ಕಾರಣ ಇದರ ಜಿಎಕ್ಸ್35 ಎಂಜಿನ್. 35.8 ಸಿಸಿಯ ಫೋರ್ ಸ್ಟ್ರೋಕ್, ಸುಮಾರು 1 ಕಿಲೋವ್ಯಾಟ್ ಶಕ್ತಿ. ಪೆಟ್ರೋಲ್ ಬೇರೆ, ಎಣ್ಣೆ ಬೇರೆ. ಟೂ ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಒಂದು ಕಂಪನಿಯದಕ್ಕೆ 25:1 (25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ), ಇನ್ನೊಂದರದಕ್ಕೆ 50:1. ಗುತ್ತಿಗೆಯಲ್ಲಿ ಹೊಸಬರು ಬರುತ್ತಲೇ ಇರುವ ಕಡೆ ಈ ಅಳತೆ ತಪ್ಪದೆ ಇರದು. ಬರೀ ಪೆಟ್ರೋಲ್ ಬಿದ್ದರೆ ಪಿಸ್ಟನ್ ಅರ್ಧ ದಿನವೂ ತಾಳದೆ ಜಾಮ್ ಆಗಬಹುದು. ಫೋರ್ ಸ್ಟ್ರೋಕ್ ಯಂತ್ರದಲ್ಲಿ ಈ ಅಪಾಯವೇ ಇಲ್ಲ. ಹೊಗೆಯೂ ಕಡಿಮೆ, ಕ್ಲಾಸ್ ನಡೆಯುವ ಕಿಟಕಿಯ ಪಕ್ಕ ಕೆಲಸ ಮಾಡುವಾಗ ಇದು ದೊಡ್ಡ ವಿಷಯ. ಅಷ್ಟೇ ಶಕ್ತಿಯ ಟೂ ಸ್ಟ್ರೋಕ್‌ಗಿಂತ ತೂಕ ತುಸು ಹೆಚ್ಚು. ಹಾಗಾಗಿ ಒಂದೇ ಹೆಗಲಿನ ಪಟ್ಟಿ ಬಿಟ್ಟು ಎರಡೂ ಹೆಗಲಿಗೆ ಬರುವ ಹಾರ್ನೆಸ್ ಕೇಳಿ ಪಡೆಯಿರಿ.

ಆದರೆ ಈ ಎಂಜಿನ್ನಿನ ಆಯುಷ್ಯ ಕೇವಲ 100 ಮಿಲಿ ಎಣ್ಣೆಯ ಮೇಲೆ ನಿಂತಿದೆ. ಒಂದು ಸಣ್ಣ ಟೀ ಲೋಟದಷ್ಟು. ಎಣ್ಣೆ ಕಡಿಮೆಯಾದರೆ ತಾನಾಗಿ ನಿಲ್ಲುವ ವ್ಯವಸ್ಥೆ ಇದರಲ್ಲಿಲ್ಲ. ದಿನವೂ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಸಮತಟ್ಟಾಗಿ ಇಟ್ಟು ಮುಚ್ಚಳ ಬಿಚ್ಚಿ ನೋಡಬೇಕು. ಎಣ್ಣೆ ಬಾಯಿಯ ಅಂಚಿನವರೆಗೆ ಕಾಣಬೇಕು, ಇಲ್ಲದಿದ್ದರೆ 10ಡಬ್ಲ್ಯೂ-30 ದರ್ಜೆಯ ಎಂಜಿನ್ ಎಣ್ಣೆ ಹಾಕಬೇಕು. ಯಂತ್ರ ವಾಲಿದಾಗ ನೋಡಿ, ಕಡಿಮೆ ಇದೆಯೆಂದು ಸುರಿದರೆ ಅದು ಏರ್ ಫಿಲ್ಟರಿಗೆ ನುಗ್ಗಿ ಬಿಳಿ ಹೊಗೆ ಶುರುವಾಗುತ್ತದೆ. ಹೊಸ ಯಂತ್ರದ ಎಣ್ಣೆಯನ್ನು ಮೊದಲ 10 ಗಂಟೆಗೆ ಬದಲಿಸಿ, ಆಮೇಲೆ 50 ಗಂಟೆಗೊಮ್ಮೆ. ದಿನಕ್ಕೆ ಐದು ಗಂಟೆ ಓಡಿಸುವ ಮಳೆಗಾಲದಲ್ಲಿ 50 ಗಂಟೆ ಎಂದರೆ ಹತ್ತೇ ದಿನ. ಕೈಪಿಡಿಯ 'ಆರು ತಿಂಗಳಿಗೊಮ್ಮೆ' ಎಂಬ ಸಾಲನ್ನಷ್ಟೇ ಓದಿಕೊಂಡು ಎಂಜಿನ್ ಕಳೆದುಕೊಳ್ಳಬೇಡಿ. ಯಂತ್ರಕ್ಕೊಂದು ನೋಟ್‌ಬುಕ್ ಕಟ್ಟಿ, ಓಡಿದ ಗಂಟೆ ಬರೆಸಿ.

ಏರ್ ಫಿಲ್ಟರ್ ಸ್ಪಂಜಿನದು. 25 ಗಂಟೆಗೊಮ್ಮೆ, ಧೂಳಿನ ದಿನಗಳಲ್ಲಿ ಇನ್ನೂ ಬೇಗ, ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ, ಶುದ್ಧ ಎಂಜಿನ್ ಎಣ್ಣೆಯಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಹಾಕಬೇಕು. ಕೋಲಿನ ಕೆಳತುದಿಯಲ್ಲಿ ಬ್ಲೇಡನ್ನು ತಿರುಗಿಸುವ ಗೇರ್ ಹೆಡ್ಡಿನ ಪಕ್ಕದಲ್ಲಿ ಒಂದು ಬೋಲ್ಟ್ ಇದೆ. ಅದನ್ನು ಬಿಚ್ಚಿ ಸುಮಾರು 25 ಗಂಟೆಗೊಮ್ಮೆ ಲಿಥಿಯಂ ಗ್ರೀಸ್ ತುಂಬಿ. ಗೇರ್ ಹೆಡ್ ಕೈಗೆ ಸುಡುತ್ತಿದ್ದರೆ ಮೊದಲು ಗ್ರೀಸ್ ಮುಗಿದಿದೆಯೇ ನೋಡಿ.

ಸ್ಟಾರ್ಟ್ ಆಗದ ದೂರಿಗೆ ಬಹುಪಾಲು ಪೆಟ್ರೋಲೇ ಕಾರಣ. ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬುರೇಟರಿನ ಸೂಕ್ಷ್ಮ ತೂತುಗಳಲ್ಲಿ ಜಿಗುಟು ಕಟ್ಟುತ್ತದೆ, ಪೈಪು ಮತ್ತು ಪ್ರೈಮರ್ ಬಲ್ಬು (ಸ್ಟಾರ್ಟ್ ಮಾಡುವ ಮೊದಲು ಒತ್ತಿ ಪೆಟ್ರೋಲ್ ಎಳೆಯುವ ಗುಂಡಿ) ಗಟ್ಟಿಯಾಗಿ ಬಿರಿಯುತ್ತವೆ. ಟ್ಯಾಂಕ್ ಹಿಡಿಯುವುದು 630 ಮಿಲಿ, ಜೋರಾಗಿ ಓಡಿಸಿದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ತನ್ನಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ.

ಇನ್ನು ಬ್ಲೇಡಿನ ಬದಲು ಜೋರಾಗಿ ತಿರುಗಿ ಹುಲ್ಲು ಕತ್ತರಿಸುವ ನೈಲಾನ್ ದಾರ. 2.4 ಮಿಮೀ ದಾರವನ್ನು ಸುತ್ತುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ನೈಲಾನ್ ನೀರು ಕುಡಿದು ಬಳುಕುತ್ತದೆ. ಗೋಡೌನಿನ ತಗಡಿನ ಕೆಳಗೆ ಒಣಗಿದ ದಾರ ಕಲ್ಲಿಗೆ ತಾಗಿದ ಕೂಡಲೇ ಪಟ್ಟನೆ ತುಂಡಾಗುತ್ತದೆ. ದಾರ ಸುತ್ತುವ ನೈಲಾನ್ ಹೆಡ್ಡಿನ ಮೇಲೆ ಬಾಣದ ಗುರುತು ಇರುವ ದಿಕ್ಕಿಗೇ, ಒಂದರ ಮೇಲೊಂದು ದಾಟದಂತೆ ಸುತ್ತಬೇಕು. ಸುರುಳಿ ಅಡ್ಡಾದಿಡ್ಡಿಯಾದರೆ ಬಿಸಿಗೆ ಅಂಟಿಕೊಂಡು ಹೆಡ್ಡನ್ನು ನೆಲಕ್ಕೆ ಎಷ್ಟು ಕುಟ್ಟಿದರೂ ದಾರ ಹೊರಗೆ ಬರುವುದಿಲ್ಲ.

ದಾರ, ಬ್ಲೇಡಿಗೆ ಮರೆಯಾಗಿರುವ ಗಾರ್ಡ್ ಬಿಚ್ಚಿಟ್ಟು ಕೆಲಸ ಮಾಡುವುದು ಎಲ್ಲೆಡೆ ಕಾಣುವ ತಪ್ಪು. ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂಬುದು ಹಾಗೆ ಮಾಡುವವರ ಕಾರಣ. ಗಾರ್ಡ್ ಅಂಚಿನಲ್ಲೊಂದು ಚಿಕ್ಕ ಬ್ಲೇಡ್ ಇದೆ, ಹೊರಬಂದ ದಾರವನ್ನು ಅಳತೆಗೆ ಕತ್ತರಿಸುವುದು ಅದೇ. ಅದಿಲ್ಲದಿದ್ದರೆ ದಾರ ಉದ್ದವಾಗಿ ತಿರುಗಿ ಎಂಜಿನ್ ಮೇಲೆ ಹೊರೆ ಬೀಳುತ್ತದೆ, ಆರ್‌ಪಿಎಂ ಇಳಿದು ಕ್ಲಚ್ ಜಾರುತ್ತದೆ, ಕೊನೆಗೆ ಸುಟ್ಟ ವಾಸನೆ. ಕಲ್ಲು ನೇರ ಕಾಲಿಗೆ ಬರುವ ಮಾತು ಬೇರೆ. ಗಾರ್ಡ್ ಇದ್ದರೂ 15 ಮೀಟರ್ ಒಳಗೆ ಯಾರೂ ಇರಬಾರದು. ಪಾರ್ಕಿಂಗ್ ಬದಿಯ ಹುಲ್ಲನ್ನು ಗಾಡಿಗಳು ಬರುವ ಮೊದಲೇ, ಬೆಳಗ್ಗೆ ಬೇಗ ಮುಗಿಸಬೇಕು. ಮುಖಕ್ಕೆ ಜಾಲರಿಯ ಶೀಲ್ಡ್, ಕಿವಿಗೆ ಮಫ್, ಕಾಲಿಗೆ ಗಮ್‌ಬೂಟ್ ಇಲ್ಲದೆ ಯಂತ್ರ ಕೈಗೆ ಕೊಡಬೇಡಿ.

ಆಳೆತ್ತರದ ಹುಲ್ಲಿಗೂ ಪಾರ್ಥೇನಿಯಂಗೂ ದಾರ ಬಿಟ್ಟು ಮೂರು ಹಲ್ಲಿನ ಬ್ಲೇಡ್ ಹಾಕಿ. ದಾರ ಪಾರ್ಥೇನಿಯಂ ಗಿಡವನ್ನು ಪುಡಿ ಮಾಡಿ ಮೈಮೇಲೆಲ್ಲ ಚಿಮ್ಮಿಸುತ್ತದೆ, ತುರಿಕೆ ಎದ್ದವರು ಮರುದಿನ ಕೆಲಸಕ್ಕೆ ಬರಲಾರರು. ಅದನ್ನು ಹೂಬಿಡುವ ಮೊದಲೇ ಹೊಡೆಯಬೇಕು. ಆದರೆ ಬುಡ ಉಳಿದರೆ ಮತ್ತೆ ಚಿಗುರುತ್ತದೆ, ಮಳೆ ಬಂದು ಮಣ್ಣು ಮೆತ್ತಗಿದ್ದಾಗ ಗ್ಲೌಸ್ ಹಾಕಿ ಬೇರುಸಮೇತ ಕೀಳುವುದೇ ನಿಜವಾದ ಪರಿಹಾರ. ಬ್ಲೇಡಿನ ನಟ್‌ಗೆ ಉಲ್ಟಾ ಥ್ರೆಡ್, ಗೊತ್ತಿಲ್ಲದವರು ಬಿಚ್ಚಲು ಹೋಗಿ ಇನ್ನಷ್ಟು ಬಿಗಿಯುತ್ತಾರೆ. ಬ್ಲೇಡ್ ಎಡಕ್ಕೆ ತಿರುಗುವುದರಿಂದ ಬಲದಿಂದ ಎಡಕ್ಕೆ ಬೀಸಿ ಹೊಡೆಯಬೇಕು. ಬ್ಲೇಡಿನ ಮುಂಭಾಗದ ಬಲಗಡೆ ಗಟ್ಟಿ ಬೊಡ್ಡೆಗೆ ತಾಗಿದರೆ ಯಂತ್ರ ಒಮ್ಮೆಲೇ ಪಕ್ಕಕ್ಕೆ ಚಿಮ್ಮುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಕ್ಯಾಂಪಸ್ಸಿಗೆ ಈ ಯಂತ್ರ ಮಾಡುವ ಅತಿ ದೊಡ್ಡ ನಷ್ಟ ಬೇರೆಯೇ ಇದೆ. ವನಮಹೋತ್ಸವದಲ್ಲಿ ನೆಟ್ಟ ಹೊಂಗೆ ಸಸಿಯ ಬುಡವನ್ನು ಒಮ್ಮೆ ಬಗ್ಗಿ ನೋಡಿ. ನೆಲದಿಂದ ಎರಡು ಬೆರಳು ಮೇಲೆ, ಸುತ್ತಲೂ ಬಳೆಯ ಹಾಗೆ ತೊಗಟೆ ಹೋಗಿ ಒಳಗಿನ ಕಟ್ಟಿಗೆ ಬಿಳಿಯಾಗಿ ಕಾಣುತ್ತದೆ. ಬುಡದ ಹುಲ್ಲನ್ನು ಚೊಕ್ಕ ಮಾಡಲು ಹೋದ ನೈಲಾನ್ ದಾರದ ಕೆಲಸ ಅದು. ತೊಗಟೆ ಸುತ್ತಲೂ ಹೋದರೆ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದಿಲ್ಲ. ಒಳಗಿನ ಕಟ್ಟಿಗೆ ನೀರು ಏರಿಸುತ್ತಲೇ ಇರುವುದರಿಂದ ಎಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಸಿರಾಗೇ ಇರುತ್ತದೆ. ಬೇಸಿಗೆಯಲ್ಲಿ ಸಸಿ ಒಣಗಿದಾಗ ನೀರು ಹಾಕಲಿಲ್ಲ ಎಂದು ಮಾಲಿಯನ್ನು ಬೈಯುತ್ತಾರೆ. ಗಾಯವಾದದ್ದು ಆಗಸ್ಟಿನಲ್ಲೇ! ಸಸಿಯ ಸುತ್ತ ಒಂದು ಮೀಟರ್ ಅಗಲ ಕಳೆಯನ್ನು ಕೈಯಲ್ಲೇ ತೆಗೆದು, ಮೂರು ಇಂಚು ದಪ್ಪ ತರಗೆಲೆ ಮುಚ್ಚಬೇಕು, ಕಾಂಡಕ್ಕೆ ತಾಗದಂತೆ. ಆ ವೃತ್ತದೊಳಗೆ ಯಂತ್ರ ಹೋಗಕೂಡದು ಎಂಬುದನ್ನು ಗುತ್ತಿಗೆಯ ಷರತ್ತಿನಲ್ಲೇ ಬರೆಯಿಸಿ.

ಹುಲ್ಲುಹಾಸಿಗೆ ಇದನ್ನು ಬಳಸಬೇಡಿ. ಎಷ್ಟೇ ನುರಿತ ಕೈಯಾದರೂ ಒಂದು ಕಡೆ ಬೋಳು, ಒಂದು ಕಡೆ ಗುಪ್ಪೆ ಉಳಿಯುತ್ತದೆ. ಅಲ್ಲಿಗೆ ಲಾನ್ ಮೂವರ್ ಬೇಕು. ಇಳಿಜಾರು ಹೆಚ್ಚಿರುವ ಮಲೆನಾಡು, ಕರಾವಳಿಯ ಕ್ಯಾಂಪಸ್ಸುಗಳು ಇದೇ ಎಂಜಿನ್ನನ್ನು ಬೆನ್ನಿಗೆ ಹೊರುವ ಯುಎಂಆರ್435ಟಿ ನೋಡುವುದು ಒಳ್ಳೆಯದು. ಬಾಗುವ ಶಾಫ್ಟಿಗೆ ಗ್ರೀಸ್ ಹಾಕುವ ಕೆಲಸ ಹೆಚ್ಚಾಗುತ್ತದೆ, ಅಷ್ಟೇ.

ಇಂಡೆಂಟ್ (ಖರೀದಿ ಬೇಡಿಕೆ ಪತ್ರ) ಬರೆಯುವಾಗ ಯಂತ್ರದ ಜೊತೆಗೇ ಎರಡು ನೈಲಾನ್ ಹೆಡ್, ಒಂದು ಮೂರು ಹಲ್ಲಿನ ಬ್ಲೇಡ್, ಎರಡು ಏರ್ ಫಿಲ್ಟರ್, ಒಂದು ಸ್ಪಾರ್ಕ್ ಪ್ಲಗ್, ಒಂದು ಸೆಟ್ ಪೆಟ್ರೋಲ್ ಪೈಪು ಸೇರಿಸಿ. ಆಮೇಲೆ ಬಿಡಿಭಾಗಕ್ಕೆಂದು ಬೇರೆ ಫೈಲ್ ಓಡಿಸಿದರೆ ಅದು ಮಂಜೂರಾಗುವ ಹೊತ್ತಿಗೆ ಮಳೆಗಾಲವೇ ಮುಗಿದಿರುತ್ತದೆ.