ಹೆಡ್ ಬಿಚ್ಚಿಸುವ ಮೊದಲು ಇಷ್ಟು ನೋಡಿ: ಒಂದು ಹಳೆ ಓಮ್ನಿಗೆ ಎರಡು ಸಲ ಗ್ಯಾಸ್ಕೆಟ್ ಹಾಕಿಯೂ ಸರಿಯಾಗದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಹಳೆ ಮಾರುತಿ ಓಮ್ನಿ ವ್ಯಾನಿಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ತೆಳು ಪದರ) ಎರಡು ಸಲ ಬದಲಾಯಿತು. ಎರಡನೆಯದು ಒಂದು ಮಳೆಗಾಲ ಕೂಡ ಬಾಳಲಿಲ್ಲ. ಆಮೇಲೆ ಹೆಡ್ಡನ್ನು ಮಂಗಳೂರಿಗೆ ಒಯ್ದು ಪ್ರೆಷರ್ ಟೆಸ್ಟ್ (ಒಳಗೆ ಒತ್ತಡ ಕೊಟ್ಟು ಸೋರಿಕೆ ಹುಡುಕುವುದು) ಮಾಡಿಸಿದಾಗ ಎರಡು ವಾಲ್ವ್ ಸೀಟುಗಳ ನಡುವೆ ಕೂದಲೆಳೆಯಷ್ಟು ಬಿರುಕು ಕಂಡಿತು. ಬಿರುಕಿಗೆ ಕಾರಣ ಎಂಜಿನ್ ಅತಿಯಾಗಿ ಕಾದದ್ದು. ಕಾಯಲು ಕಾರಣ ರೇಡಿಯೇಟರ್ ಫ್ಯಾನಿನ ಕನೆಕ್ಟರಿನಲ್ಲಿ ಹಿಡಿದಿದ್ದ ಹಸಿರು ಕಿಲುಬು. ಒಂದು ತುಂಡು ಉಪ್ಪುಕಾಗದದಲ್ಲಿ ಮುಗಿಯಬೇಕಿದ್ದ ಕೆಲಸ ಎರಡು ಸಲದ ಕೂಲಿ ದಾಟಿ ಇನ್ನೊಂದು ಹೆಡ್ಡಿನವರೆಗೆ ಹೋಯಿತು. ವರ್ಕ್‌ಶಾಪಿನ ಹೆಸರು ಇಲ್ಲಿ ಬೇಡ. ಕುಂಬಳೆಯಿಂದ ಪಾಣತ್ತೂರಿನವರೆಗೆ ಎಲ್ಲಿ ಬೇಕಾದರೂ ಆಗಬಹುದಾದ್ದೇ ಇದು.

ಆದದ್ದು ಹೀಗೆ. ಚೆರ್ಕಳ–ಜಾಲ್ಸೂರು ರಸ್ತೆಯ ಚಡಾವುಗಳಲ್ಲಿ ಅಡಿಕೆ ಗೋಣಿ ಹೇರಿಕೊಂಡು ಹೋಗುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು, ಸಮತಟ್ಟು ಸಿಕ್ಕಿದರೆ ಇಳಿಯುತ್ತಿತ್ತು. ಇಷ್ಟು ಹೇಳಿದರೇ ಅನುಭವಿ ಮೆಕ್ಯಾನಿಕ್ ಮೊದಲು ಫ್ಯಾನ್ ನೋಡಬೇಕು. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಎರಡನೇ ಗೇರಿನಲ್ಲಿ ಏದುತ್ತ ಹತ್ತುವಾಗ ಫ್ಯಾನ್ ಬಿಟ್ಟರೆ ಬೇರೆ ಗತಿಯಿಲ್ಲ. ಯಾರೂ ನೋಡಲಿಲ್ಲ, ಬಾವಿ ನೀರು ಹಾಕುತ್ತ ಓಡಿಸಿದರು. ಒಂದು ದಿನ ಮುಳ್ಳು ಕೆಂಪು ಮುಟ್ಟಿ ಥಟ್ಟನೆ ಕೆಳಗೆ ಬಿತ್ತು. ತಣಿಯಿತೆಂದುಕೊಂಡು ಇನ್ನಷ್ಟು ದೂರ ಓಡಿತು ಗಾಡಿ. ಎಲ್ಲ ಹಾಳಾದದ್ದು ಅಲ್ಲೇ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರು ಖಾಲಿಯಾಗಿ ಅದರ ಸುತ್ತ ಬರೀ ಹಬೆ ಉಳಿದರೆ ಮುಳ್ಳು ಇಳಿಯಬಹುದು, ಹೆಡ್ ಮಾತ್ರ ಬೇಯುತ್ತಲೇ ಇರುತ್ತದೆ. ಕೆಂಪಿನಿಂದ ಏಕಾಏಕಿ ಬಿದ್ದ ಮುಳ್ಳು ಕಂಡರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ.

ಮುಂದಿನದು ಇನ್ನೂ ಕೆಟ್ಟದ್ದು: ಕುದಿಯುತ್ತಿರುವ ಎಂಜಿನಿಗೆ ಒಂದು ಬಕೆಟ್ ತಣ್ಣೀರು. ಹೆಡ್ ಅಲ್ಯೂಮಿನಿಯಂನದು, ಅದು ಎರಕದ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುವ ಲೋಹ. ಒಂದೇ ಕಡೆ ಥಟ್ಟನೆ ತಣಿದರೆ ಹೆಡ್ ಬಾಗುತ್ತದೆ, ಇಲ್ಲವೇ ವಾಲ್ವ್ ಸೀಟುಗಳ ನಡುವಿನ ತೆಳು ಜಾಗದಲ್ಲಿ ಸೀಳುತ್ತದೆ. ಕಾದ ಎಂಜಿನನ್ನು ಅರ್ಧ ಮುಕ್ಕಾಲು ಗಂಟೆ ಹಾಗೆಯೇ ಬಿಡಬೇಕು. ರೇಡಿಯೇಟರಿನ ಕ್ಯಾಪ್ ಮುಟ್ಟಬಾರದು. 0.9 ಎಂದು ಬರೆದಿರುವ ಕ್ಯಾಪಿನ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 118 ಡಿಗ್ರಿಗೆ. ಕ್ಯಾಪ್ ತಿರುಗಿಸಿದ ಕೂಡಲೇ ಒಳಗಿನ ನೀರೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ.

ವರ್ಕ್‌ಶಾಪಿನಲ್ಲಿ "ನೀರು ಕಮ್ಮಿಯಾಗ್ತದೆ" ಎಂದದ್ದೇ ತಡ, ಹೆಡ್ ಬಿಚ್ಚಿದರು. ಎಮೆರಿ ಕಾಗದದಲ್ಲಿ ಉಜ್ಜಿ, ಹೊಸ ಗ್ಯಾಸ್ಕೆಟ್‌ಗೆ ಎರಡೂ ಬದಿ ಪೇಸ್ಟ್ ಬಳಿದು ಮುಚ್ಚಿದರು. "ನಮ್ಮ ಸೆಕೆಗೆ ಇದೆಲ್ಲ ಬೇಡ" ಎಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ತೆಗೆದು ಎಸೆದರು. ಅಳತೆ ಒಂದನ್ನೂ ತೆಗೆಯಲಿಲ್ಲ.

ನೀರು ಕಮ್ಮಿಯಾಗುವುದಕ್ಕೆಲ್ಲ ಗ್ಯಾಸ್ಕೆಟ್ ಹೊಣೆಯಲ್ಲ. ಕ್ಯಾಪಿನ ಸ್ಪ್ರಿಂಗ್ ಸೋತರೆ ನೀರು 100 ಡಿಗ್ರಿಗೇ ಕುದಿದು ರಿಸರ್ವ್ ಬಾಟಲಿಯಿಂದ ಉಕ್ಕುತ್ತದೆ. ನೋಡುವವರಿಗೆ ಗ್ಯಾಸ್ಕೆಟ್ ಹೋದ ಹಾಗೆಯೇ. ಕ್ಯಾಪ್ ಎಲ್ಲಕ್ಕಿಂತ ಅಗ್ಗದ ಪಾರ್ಟ್, ಮೊದಲು ಅದನ್ನೇ ಬದಲಿಸಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಓಡುವಾಗ ಮಾತ್ರ ತೊಟ್ಟಿಕ್ಕುವ ನೀರು ಬಿಸಿ ಎಂಜಿನ್ ಮೇಲೆ ಆರಿ ಹೋಗುತ್ತದೆ, ನೆಲಕ್ಕೆ ಬೀಳುವುದೇ ಇಲ್ಲ. ಅಲ್ಲಿ ಬಿಳಿಯ ಅಥವಾ ತುಕ್ಕಿನ ಬಣ್ಣದ ಕಲೆ ಹುಡುಕಿ. ಎಲ್‌ಪಿಜಿ ಓಮ್ನಿಯಾದರೆ ಇನ್ನೊಂದು ಅನುಮಾನ: ದ್ರವ ಗ್ಯಾಸನ್ನು ಆವಿ ಮಾಡುವ ವೇಪರೈಸರ್ ಬಿಸಿಯಾಗುವುದು ಎಂಜಿನ್ನಿನ ನೀರಿನಿಂದಲೇ. ಅದರ ಒಳಗಿನ ಡಯಾಫ್ರಾಮ್ ಅಥವಾ ಸೀಲ್ ಸೋರಿದರೆ ನೀರು ಗ್ಯಾಸಿನೊಂದಿಗೆ ಎಂಜಿನ್ ಸೇರಿ ಬಿಳಿ ಹೊಗೆಯಾಗುತ್ತದೆ. ಗ್ಯಾಸಿನಲ್ಲಿ ಓಡುವಾಗ ವೇಪರೈಸರ್ ಮೇಲೆ ಹಿಮ ಕಟ್ಟಿ ಗಾಡಿ ಎಳೆಯದಿದ್ದರೆ ನೀರು ಕಮ್ಮಿಯಿದೆ ಅಥವಾ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಮುಳ್ಳಿಗಿಂತ ಮೊದಲೇ ಸಿಗುವ ಸೂಚನೆ ಇದು.

ಮಳೆಗಾಲದಲ್ಲಿ ಇನ್ನೊಂದು ಗಾಬರಿ. ಎಣ್ಣೆ ತುಂಬುವ ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥ ತಿಳಿಹಳದಿ ನೊರೆ. ಪೇಟೆಗೆ ಎರಡು ಮೂರು ಕಿಲೋಮೀಟರ್ ಹೋಗಿ ಬರುವ ಗಾಡಿಗಳಲ್ಲಿ ಆಷಾಢದ ತೇವಕ್ಕೆ ಇದು ಸಹಜ, ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ಹಬೆ ಅಲ್ಲೇ ಕಟ್ಟುತ್ತದೆ. ಮುಚ್ಚಳ ಒರೆಸಿ, ಒಮ್ಮೆ ಮಂಗಳೂರಿನವರೆಗೆ ಓಡಿಸಿ ಮತ್ತೆ ನೋಡಿ. ಡಿಪ್‌ಸ್ಟಿಕ್ಕಿನ ಎಣ್ಣೆಯೇ ಹಾಲು ಹಾಕಿದ ಕಾಫಿಯಂತಾಗಿದ್ದರೆ, ಎಣ್ಣೆಯ ಮಟ್ಟ ಏರಿದ್ದರೆ, ಆಗ ಚಿಂತೆ ಮಾಡಿ, ಗಾಡಿ ನಿಲ್ಲಿಸಿ. ಹಾಗೆಯೇ ಬೆಳಗಿನ ಚಳಿಗೆ ಸೈಲೆನ್ಸರಿನಿಂದ ಬರುವ ಹಬೆ ಕೆಲವು ನಿಮಿಷಗಳಲ್ಲಿ ನಿಂತರೆ ಅದು ದೋಷವಲ್ಲ. ಪೂರ್ತಿ ಬಿಸಿಯಾದ ಮೇಲೂ ನಿಲ್ಲದೆ, ಕೂಲಂಟಿನ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ದೋಷ.

ಮನೆಯಂಗಳದಲ್ಲೇ ಮಾಡಬಹುದಾದ ಪರೀಕ್ಷೆ ಇದು. ರಾತ್ರಿಯಿಡೀ ತಣಿದ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆಗೆದು ಕೊರಳಿನವರೆಗೆ ನೀರು ತುಂಬಿ ಸ್ಟಾರ್ಟ್ ಮಾಡಿ. ಮೊದಲು ಬರುವ ನಾಲ್ಕೈದು ಗುಳ್ಳೆ ಸಿಕ್ಕಿಕೊಂಡಿದ್ದ ಗಾಳಿಯದು, ಬಿಟ್ಟುಬಿಡಿ. ಆಮೇಲೂ ಬಿಡದೆ ಗುಳ್ಳೆ ಏಳುತ್ತಿದ್ದು, ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚಾದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಒಂದೊಂದೇ ಪ್ಲಗ್ಗಿನ ವೈರ್ ತೆಗೆದು ಬಾಡಿಗೆ ತಾಗಿಸಿ ಇಡಿ. ಯಾವುದನ್ನು ತೆಗೆದಾಗ ಗುಳ್ಳೆ ಕಮ್ಮಿಯಾಗುತ್ತದೋ ದೋಷ ಆ ಸಿಲಿಂಡರಿನಲ್ಲಿ. ಎಂಪಿಎಫ್‌ಐಯಲ್ಲಿ (ಇಂಜೆಕ್ಟರಿನಿಂದ ಪೆಟ್ರೋಲ್ ಹೋಗುವ ಗಾಡಿಯಲ್ಲಿ) ವೈರ್ ಕೀಳಬೇಡಿ, ಇಂಜೆಕ್ಟರಿನ ಕನೆಕ್ಟರ್ ಬಿಡಿಸಿ. ಇನ್ನೊಂದು: ಕ್ಯಾಪ್ ಹಾಕಿ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಚುಕಿ. ಒಂದೆರಡು ನಿಮಿಷದಲ್ಲಿ, ಹೋಸ್ ಇನ್ನೂ ತಣ್ಣಗಿರುವಾಗಲೇ ಕಲ್ಲಿನಂತೆ ಗಟ್ಟಿಯಾದರೆ ಅದು ಹಬೆಯ ಒತ್ತಡ ಅಲ್ಲವೇ ಅಲ್ಲ, ಸಿಲಿಂಡರಿನಿಂದ ನುಗ್ಗಿದ್ದು.

ವರ್ಕ್‌ಶಾಪಿನಲ್ಲಿ ಕೇಳಬೇಕಾದ್ದು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು. ಎಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಇಂಧನ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಐದಾರು ಸುತ್ತು ಕ್ರ್ಯಾಂಕ್ ಮಾಡಬೇಕು. ಚೆನ್ನಾಗಿರುವ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 150ರಿಂದ 180 ಪಿಎಸ್‌ಐ ಇರುತ್ತದೆ, ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇಕಡಾ 10–15 ದಾಟಬಾರದು. ಅಕ್ಕಪಕ್ಕದ ಎರಡು ಒಟ್ಟಿಗೆ ಕಮ್ಮಿಯಾಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಒಂದೇ ಕಮ್ಮಿಯಿದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಕಂಪ್ರೆಷನ್ ಸರಿಯಿದ್ದೂ ನೀರು ಹೋಗುತ್ತಿದ್ದರೆ ರೇಡಿಯೇಟರಿಗೆ ಕೈಪಂಪು ಜೋಡಿಸಿ ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡಬೇಕು. ಹೊರಗೆ ಎಲ್ಲೂ ತೊಟ್ಟಿಕ್ಕದೆ ಪಂಪಿನ ಒತ್ತಡದ ಮುಳ್ಳು ಇಳಿದರೆ ಪ್ಲಗ್ ತೆಗೆದು ಕ್ರ್ಯಾಂಕ್ ಮಾಡಿ ನೋಡಿ. ನೀರು ಚಿಮ್ಮುವ ತೂತು ಅಪರಾಧಿ. ಆ ಪ್ಲಗ್ ಉಳಿದವುಗಳಿಗಿಂತ ತೊಳೆದಿಟ್ಟಷ್ಟು ಶುಭ್ರವಾಗಿರುವುದೂ ಉಂಟು. ಇದೇ ಕಾರಣಕ್ಕೆ, ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ "ಟಕ್" ಎಂದು ನಿಂತು ಸ್ಟಾರ್ಟರ್ ತಿರುಗದಿದ್ದರೆ ಮತ್ತೆ ಮತ್ತೆ ಕೀ ತಿರುಗಿಸಬೇಡಿ, ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ನಿಂತ ನೀರನ್ನು ಪಿಸ್ಟನ್ ಒತ್ತಲಾರದು, ಬಾಗುವುದು ಕನೆಕ್ಟಿಂಗ್ ರಾಡ್.

ಇಷ್ಟೆಲ್ಲ ಆದ ಮೇಲೂ ಗ್ಯಾಸ್ಕೆಟ್ ಎಂದೇ ತೀರ್ಮಾನವಾದರೆ ಹೆಡ್ ಬಿಚ್ಚಿ. ಎಂಜಿನ್ ಪೂರ್ತಿ ತಣಿದಿರಬೇಕು, ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಬಿಸಿಯಲ್ಲಿ ಬಿಚ್ಚಿದ ಹೆಡ್ ಬಾಗದಿದ್ದರೆ ಅದೃಷ್ಟ. ಲೇತಿಗೆ ಕೊಡುವಾಗ ಕ್ರಮ ಮುಖ್ಯ: ಮೊದಲು ಪ್ರೆಷರ್ ಟೆಸ್ಟ್, ಆಮೇಲೆ ಫೇಸಿಂಗ್ (ಮೇಲ್ಮೈ ಕೆರೆದು ಸಮತಟ್ಟು ಮಾಡುವುದು). ಬಿರುಕು ಬಿಟ್ಟ ಹೆಡ್ಡಿಗೆ ಫೇಸಿಂಗ್ ಮಾಡಿಸುವುದು ದುಡ್ಡು ಹೊಳೆಗೆ ಹಾಕಿದಂತೆ. ನಮ್ಮ ಓಮ್ನಿಯ ಎರಡನೇ ಸಲದ ಕೂಲಿ ಹೋದದ್ದು ಹೀಗೆಯೇ. ನೇರಪಟ್ಟಿ ಇಟ್ಟು ಉದ್ದಕ್ಕೆ ಎರಡೂ ಅಂಚು, ಅಡ್ಡಕ್ಕೆ ಎರಡೂ ತುದಿ, ಎರಡು ಕರ್ಣ, ಹೀಗೆ ಆರು ಕಡೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಬೇಕು. 0.05 ಮಿಲಿಮೀಟರಿನ ಎಲೆ ಸಲೀಸಾಗಿ ಒಳಹೋದರೆ ಫೇಸಿಂಗ್ ಬೇಕು. ಬ್ಲಾಕಿನ ಮೇಲ್ಮೈಯನ್ನೂ ಹಾಗೆಯೇ ನೋಡಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಎಷ್ಟು ತೆಗೆದರು ಎಂಬುದನ್ನು ಬಿಲ್ಲಿನಲ್ಲೇ ಬರೆಸಿ. ಒಂದು ಹೆಡ್ಡನ್ನು ಎಷ್ಟು ಸಲ ಬೇಕಾದರೂ ಕೆರೆಯಲಾಗದು: ಕಂಪ್ರೆಷನ್ ಏರಿ ನಾಕಿಂಗ್ ಶುರುವಾಗುತ್ತದೆ, ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ.

ಮೇಲ್ಮೈಗೆ ಅಂಟಿದ ಹಳೆ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರಿನ ಡಿಸ್ಕ್ ಬಳಸಲು ಬಿಡಬೇಡಿ. ಅದು ತಗ್ಗು ಮಾಡುತ್ತದೆ, ಉದುರುವ ಪುಡಿ ಎಣ್ಣೆಯ ದಾರಿಯಲ್ಲಿ ಇಳಿದು ಬೇರಿಂಗ್ ತಿನ್ನುತ್ತದೆ. ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನೀರು, ಎಣ್ಣೆ ನಿಂತಿದ್ದರೆ ಗಾಳಿ ಊದಿ ತೆಗೆಯಲೇಬೇಕು, ಇಲ್ಲವಾದರೆ ಟಾರ್ಕ್ (ಬೋಲ್ಟ್ ಬಿಗಿಯುವ ಬಲದ ಅಳತೆ) ಸುಳ್ಳಾಗುತ್ತದೆ, ಬ್ಲಾಕ್ ಸೀಳಲೂಬಹುದು. ಮ್ಯಾನುಯಲ್ ಹೇಳದಿದ್ದರೆ ಗ್ಯಾಸ್ಕೆಟ್‌ಗೆ ಪೇಸ್ಟ್ ಬೇಡ. ಬಿಗಿಯುವುದು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ, ಆ ಎಂಜಿನ್ನಿನ ಮ್ಯಾನುಯಲ್ಲಿನ ಅಳತೆಗೆ, ಟಾರ್ಕ್ ರೆಂಚಿನಲ್ಲಿ. "ಕೈಲೆಕ್ಕ ಸಾಕು" ಎನ್ನುವವರಿಂದ ಹೆಡ್ ವಾಪಸ್ ತನ್ನಿ. ಹೇಗೂ ಬಿಚ್ಚಿದ್ದೀರಿ, ಟೈಮಿಂಗ್ ಬೆಲ್ಟ್, ವಾಲ್ವ್ ಸೀಲ್, ಥರ್ಮೋಸ್ಟಾಟ್ ಹೊಸದಾಗಲಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಕಾದ ಬಿಸಿಗೆ ಬರುವುದು ತಡ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಎಣ್ಣೆಗೆ ನೀರು ಸೇರಿದ್ದರೆ ಎಣ್ಣೆ, ಫಿಲ್ಟರ್ ಬದಲಿಸಿ, 200–300 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬದಲಿಸಿ.

ಇನ್ನು ನೀರು. ನಮ್ಮಲ್ಲಿ ಹಲವು ಬೋರ್‌ವೆಲ್‌ಗಳ ನೀರು ಟ್ಯಾಂಕಿಗೆ ಕೆಂಪು ಕಲೆ ಹಿಡಿಸುವುದನ್ನು ಎಲ್ಲರೂ ಕಂಡಿದ್ದಾರೆ. ಆ ಕಬ್ಬಿಣವೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕೂರುತ್ತದೆ. ಸುರಂಗದ (ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ) ನೀರು ಕುಡಿಯಲು ಎಷ್ಟೇ ಚೆನ್ನಾಗಿರಲಿ, ಅಲ್ಯೂಮಿನಿಯಂ ಸವೆಯದಂತೆ ಕಾಯುವ ರಾಸಾಯನಿಕ ಅದರಲ್ಲಿಲ್ಲ. ಕಾನ್ಸಂಟ್ರೇಟ್ ಕೂಲಂಟ್ ತಂದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ. ರೆಡಿಮಿಕ್ಸ್ ತಂದರೆ ನೀರೇ ಸೇರಿಸಬೇಡಿ. ರೇಡಿಯೇಟರಿಗೆ ಅರಸಿನ ಪುಡಿ ಹಾಕುವ ಲಾರಿಯವರ ಉಪಾಯ, ಅಂಗಡಿಯ ಸ್ಟಾಪ್ ಲೀಕ್ ಬಾಟಲಿ, ಎರಡೂ ಹೆಡ್ ಗ್ಯಾಸ್ಕೆಟ್ ಸೋರಿಕೆಗೆ ನಂಬುವಂಥದ್ದಲ್ಲ. ಸೋರುವ ಜಾಗಕ್ಕಿಂತ ಮೊದಲು ರೇಡಿಯೇಟರಿನ ನಳಿಗೆ ಕಟ್ಟುತ್ತವೆ.

ಗಾಡಿ ವಾಪಸ್ ಪಡೆಯುವ ಮೊದಲು ಅಲ್ಲೇ ನಿಂತು ಎಂಜಿನ್ ಓಡಿಸಿ, ಫ್ಯಾನ್ ತಾನಾಗಿ ತಿರುಗುವವರೆಗೆ ಕಾಯಿರಿ. ಮುಳ್ಳು ಮುಕ್ಕಾಲು ದಾಟಿಯೂ ತಿರುಗದಿದ್ದರೆ ಫ್ಯೂಸ್, ಕನೆಕ್ಟರ್, ಥರ್ಮೋ ಸ್ವಿಚ್ ಈ ಕ್ರಮದಲ್ಲಿ ನೋಡಿಸಿ. ಹಳೆಯ ಎರಡು ವೈರಿನ ಸ್ವಿಚ್ ಆದರೆ ಕನೆಕ್ಟರ್ ಬಿಡಿಸಿ ಎರಡೂ ವೈರ್ ಕೂಡಿಸಿದಾಗ ಫ್ಯಾನ್ ಓಡಬೇಕು; ಓಡಿದರೆ ಸ್ವಿಚ್ ಹೋಗಿದೆ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ನೋಡಿ, ಉಳಿದಿದ್ದ ಗಾಳಿ ಹೊರಬಂದು ನೀರು ಸ್ವಲ್ಪ ಇಳಿದಿರುವುದು ಸಹಜ. ತುಂಬಿಸಿ. ಒಂದು ವಾರ ದಿನಾ ನೋಡಿ, ಮತ್ತೆ ಮತ್ತೆ ಇಳಿಯುತ್ತಿದ್ದರೆ ಹಾಗೆಯೇ ಓಡಿಸದೆ ಅದೇ ವರ್ಕ್‌ಶಾಪಿಗೆ ಒಯ್ಯಿರಿ. ಕೊನೆಯದಾಗಿ, ಹೆಡ್ ಬಿಚ್ಚಿದಾಗಲೇ ಹಳೆ ಗ್ಯಾಸ್ಕೆಟ್ ಕೇಳಿ ಪಡೆದುಕೊಳ್ಳಿ. ಸಿಲಿಂಡರಿನ ಉಂಗುರದಿಂದ ನೀರಿನ ತೂತಿನ ಕಡೆಗೆ ಕಪ್ಪು ಗೆರೆ ಎಳೆದಂತೆ ಸುಟ್ಟಿದ್ದರೆ ಸೋರಿದ್ದು ಅಲ್ಲಿ. ಎಲ್ಲೂ ಸುಟ್ಟ ಗುರುತಿಲ್ಲದ ಗ್ಯಾಸ್ಕೆಟ್ ಕೈಗೆ ಬಂದರೆ ಹೆಡ್ ಮುಚ್ಚುವ ಮೊದಲೇ ಕೆಲಸ ನಿಲ್ಲಿಸಿ, ಪ್ರೆಷರ್ ಟೆಸ್ಟ್ ಮಾಡಿಸಿ.