ಮನೆತನದ ಹೆಸರಿನ ಜಾಡು ಹಿಡಿಯಲು ಫ್ಯಾಮಿಲಿಸರ್ಚ್

ಮನೆತನದ ಹೆಸರು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಹರಡಿತು ಎಂದು ಹುಡುಕುವವರಿಗೆ ನಾನು ಮೊದಲು ಸೂಚಿಸುವ ಜಾಲತಾಣ ಫ್ಯಾಮಿಲಿಸರ್ಚ್. 1894ರಲ್ಲಿ ಅಮೆರಿಕದ ಯೂಟಾದಲ್ಲಿ ಆರಂಭವಾದ ವಂಶಾವಳಿ ಸಂಘದಿಂದ ಬೆಳೆದುಬಂದ ಈ ಸೇವೆಯನ್ನು ಮಾರ್ಮನ್ ಚರ್ಚ್ ಎಂದೇ ಪರಿಚಿತವಾದ ಕ್ರೈಸ್ತ ಧಾರ್ಮಿಕ ಸಂಸ್ಥೆ ನಡೆಸುತ್ತದೆ; ಇದಕ್ಕೆ ಶುಲ್ಕವಿಲ್ಲ. ಖಾತೆ ತೆರೆದರೆ ಸಾಕು.

ಇದರ ನಿಜವಾದ ಬಲವಿರುವುದು ಮೂಲ ದಾಖಲೆಗಳ ಚಿತ್ರಗಳಲ್ಲಿ. 1938ರಿಂದ ಸಂಗ್ರಹಿಸುತ್ತ ಬಂದ ಮೈಕ್ರೋಫಿಲ್ಮ್‌ಗಳ (ದಾಖಲೆಗಳನ್ನು ಕಿರಿದಾಗಿ ಸೆರೆಹಿಡಿದ ಫಿಲ್ಮ್ ಸುರುಳಿಗಳ) ಡಿಜಿಟಲೀಕರಣ 2021ರಲ್ಲಿ ಮುಗಿದಿದ್ದು, ದೀಕ್ಷಾಸ್ನಾನದ ಪುಸ್ತಕ, ಜನಗಣತಿಯ ಹಾಳೆ, ಹಡಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ಅಂದಿನ ಗುಮಾಸ್ತರ ಕೈಬರಹವನ್ನೇ ಕಣ್ಣಾರೆ ಓದಬಹುದು. ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಒಂದೇ ಕುಟುಂಬ ಒಂದು ದಾಖಲೆಯಲ್ಲಿ ಮೇಯರ್, ಇನ್ನೊಂದರಲ್ಲಿ ಮೈಯರ್ ಆಗಿರುವುದುಂಟು. ಹುಡುಕುವಾಗ ಸಂದೇಹವಿರುವ ಅಕ್ಷರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಇಂಥ ರೂಪಾಂತರಗಳೂ ಸಿಗುತ್ತವೆ. ನನ್ನ ದೃಷ್ಟಿಯಲ್ಲಿ ಇದೊಂದೇ ಸೌಲಭ್ಯಕ್ಕಾಗಿಯೂ ಈ ತಾಣವನ್ನು ಮೆಚ್ಚಬೇಕು.

ಬಳಕೆದಾರರೇ ಸೇರಿಸಿ ತಿದ್ದುವ ಸಾಮೂಹಿಕ ವಂಶವೃಕ್ಷವನ್ನು ಮಾತ್ರ ಆಧಾರ ನೋಡದೆ ನಂಬಬಾರದು. ಕಮ್ಮಾರಿಕೆಯಿಂದ ಬಂದ ಸ್ಮಿತ್ ಎಂಬ ಹೆಸರು ಹಲವು ಊರುಗಳಲ್ಲಿ ಬೇರೆಬೇರೆಯಾಗಿಯೇ ಹುಟ್ಟಿರುವುದರಿಂದ, ಹೆಸರು ಒಂದೇ ಎಂಬ ಮಾತ್ರಕ್ಕೆ ರಕ್ತಸಂಬಂಧ ಖಚಿತವಾಗುವುದಿಲ್ಲ. ಅಲ್ಲದೆ, ದಾಖಲೆಯ ಒಡೆಯರ ಷರತ್ತುಗಳಿಂದಾಗಿ ಕೆಲವು ಚಿತ್ರಗಳು ಮನೆಯಲ್ಲಿ ತೆರೆದುಕೊಳ್ಳುವುದಿಲ್ಲ. ಅವುಗಳನ್ನು ಸಂಸ್ಥೆಯ ಕೇಂದ್ರಗಳಿಗೆ ಹೋಗಿಯೇ ನೋಡಬೇಕಾಗುತ್ತದೆ.